ಕೂಸಿಗೆ ಎರೆಯುವ ಕೈ

ಪುಣೆಯ ಕೋಥರೂಡದ ಆ ವಸತಿ ಸೊಸಾಯಟಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಸುದ್ದಿ ಮೊದಲು ಮುಟ್ಟುತ್ತಿದ್ದುದು ಶಿವಗಂಗವ್ವನಿಗೆ. ಸ್ವಂತ ಅಜ್ಜಿಯರಿಗೆ ಆಮೇಲೆ. ಕೂಸಿಗೆ ಎರೆಯುವುದೆಂದರೆ ಅವಳೇ ಎರೆಯಬೇಕು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಸೀರೆ ಮೊಣಕಾಲಿಗೇರಿಸಿ, ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ ಬೆಚ್ಚನೆಯ ನೀರು ಬಿಟ್ಟಳೆಂದರೆ ಎಂಥ ಹಟಮಾರಿಯೂ ಗಪ್ಪಾಗಬೇಕು. "ಅಳ್ತಿಯೇನಲೇ ಭಾಡ್ಯಾ? ನಿಮ್ಮಪ್ಪನ ಗಂಟೇನು ಹೋತು?" ಎಂದು ಬೈಯುವಳು. ಮರಾಠಿ ಕೂಸುಗಳಿಗೂ ಅದೇ ಕನ್ನಡದ ಬೈಗುಳ. ಎಲ್ಲಾ ತಿಳಿದವರಂತೆ ಅವು ಕಣ್ಣು ಪಿಳಿಪಿಳಿ ಬಿಡುತ್ತಿದ್ದವು.

ವಿಜಾಪುರದ ಕಡೆಯವಳು. ಗಂಡ ನಿಜಲಿಂಗಪ್ಪ ರವಿವಾರ ಪೇಟೆಯ ಕಿರಾಣಿ ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಅಕ್ಷರ ಬಾರದು, ಮರಾಠಿ ಅರ್ಧಂಬರ್ಧ. ಇಷ್ಟು ದೊಡ್ಡ ಪುಣೆಯಲ್ಲಿ ಅವಳನ್ನು ನಾಲ್ಕು ಜನ ಗುರುತಿಸಿ ಮಾತಾಡಿಸುತ್ತಿದ್ದರೆ ಅದು ಆ ಎರಡು ಕೈಗಳ ಪುಣ್ಯ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಕುಬಸದ ಖಣ ಕೊಟ್ಟರೆ ಸಾಕು. ಎರೆದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿಣ ಕಾಸಿ ಕೂಸಿನ ಹೊಕ್ಕುಳಕ್ಕೆ ಹಚ್ಚುವಳು. "ನನ್ನ ಕೈಯಾಗ ಒಂದು ಹೊಕ್ಕಳಾನೂ ಕೀವಾಗಿಲ್ಲವ್ವ," ಎಂದು ಹೇಳಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು!

ಮಗ ಮಾಂತು ಮದುವೆಯಾಗಿದ್ದು ಸೋಲಾಪುರದ ದೀಪಾಲಿಯನ್ನು. ತಾಯಿಯಿಲ್ಲದ ಹುಡುಗಿ. ಬಸುರಾದಾಗ ಒಂದು ದಿನ ಅಡುಗೆಮನೆಯಲ್ಲಿ ನಿಂತು ಅತ್ತಳು. ಬಾಣಂತನಕ್ಕೆ ತವರಿಗೆ ಹೋದರೆ ನೋಡುವವರಾರು? ಶಿವಗಂಗವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು. "ನಾ ಏನು ಸತ್ತೀನೇನ? ಊರ ಕೂಸಿಗೆಲ್ಲಾ ಎರದೀನಿ, ನನ್ನ ಮೊಮ್ಮಗಗ ಎರಿಯೂದಿಲ್ಲೇನು?" ಅಂದಿನಿಂದ ಅವಳಿಗೆ ಬೇರೆ ಧ್ಯಾಸವೇ ಇರಲಿಲ್ಲ. ಹಳೆಯ ಮೆತ್ತನೆ ಸೀರೆ ಹರಿದು ದುಪ್ಪಟಿ ಹೊಲಿದಳು, ಮಣೆ ತಿಕ್ಕಿ ಬಿಸಿಲಿಗಿಟ್ಟಳು.

ಅಷ್ಟರಲ್ಲಿ ದೇವರು ಕಣ್ಣು ಹಾಕಿದ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತವಳು ಕಣ್ಣು ಕತ್ತಲಾಗಿ ಉರುಳಿಬಿದ್ದಳು. ಎದೆಯ ಬಡಿತ ನಿಂತು ನಿಂತು ಹೊಡೆಯುತ್ತಿದೆ, ಪೇಸ್‌ಮೇಕರ್ ಕೂಡಿಸಲೇಬೇಕು ಎಂದರು ಡಾಕ್ಟರು. ಎಡಹೆಗಲ ಕೆಳಗೆ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಇಟ್ಟು ಹೊಲಿದರು. ಮನೆಗೆ ಬಿಡುವಾಗ ನರ್ಸಮ್ಮ ಬಿಡಿಸಿ ಬಿಡಿಸಿ ಹೇಳಿದಳು: ಗಾಯ ಮಾಯುವವರೆಗೆ ಅಲ್ಲಿ ನೀರು ಬೀಳಬಾರದು, ಮೈ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು, ಎಡಗೈ ಹೆಗಲಿಗಿಂತ ಮೇಲೆತ್ತಬಾರದು, ಗಾಯಕ್ಕೆ ಎಣ್ಣೆ, ಪೌಡರ್ ಏನೂ ಹಚ್ಚಬಾರದು. ಶಿವಗಂಗವ್ವ ಕೇಳಿದ್ದು ಒಂದೇ ಮಾತು. "ಕೂಸಿಗೆ ಎರಿಯಾಕ ಯಾವಾಗ ಬರ್ತದ್ರಿ?"

"ಗಾಯ ಮಾಯಲಿ ಮೊದಲು," ಎಂದಳು ನರ್ಸಮ್ಮ.

ಆ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಗಾಯ ಬೇಗ ಮಾಯಬೇಕು, ಕೂಸು ಬರುವುದರೊಳಗೆ ಮಾಯಬೇಕು!

ದೀಪಾಲಿ ಹೊಟ್ಟೆ ಹೊತ್ತುಕೊಂಡೇ ಅತ್ತೆಯನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂಡಿಸಿ ದಿನವೂ ಮೈ ಒರೆಸುತ್ತಿದ್ದಳು. "ಕೈ ಎತ್ತಬ್ಯಾಡ್ರಿ ಅತ್ತಿ, ನಾ ಬಗ್ಗತೀನಿ."

"ನೀ ಬಗ್ಗಬ್ಯಾಡ. ನಾನು ಕೂಸಿದ್ದೀನೇನು, ಬಿಡು," ಎಂದು ಮುದುಕಿ ಗೊಣಗುವಳು. ನಾಚಿಕೆಯಿಂದ ಅವಳ ಜೀವ ಹಿಡಿಯಷ್ಟಾಗುತ್ತಿತ್ತು.

ಹೊಲಿಗೆ ಬಿಚ್ಚಿ ಪಟ್ಟಿ ತೆಗೆದ ಮೇಲೆ ಒಂದು ಕಡೆ ಇನ್ನೂ ಹಸಿಯಾಗಿತ್ತು. ದೀಪಾಲಿ ಹೊರಗೆ ಹೋದೊಡನೆ ಶಿವಗಂಗವ್ವ ಬಚ್ಚಲ ಬಾಗಿಲು ಹಾಕಿಕೊಂಡು ಕಾಸಿದ ಅರಿಶಿಣೆಣ್ಣೆ ಹಚ್ಚಿದಳು. ಇಷ್ಟು ಹೊಕ್ಕುಳ ಒಣಗಿಸಿದ ಎಣ್ಣೆಗೆ ಇದೊಂದು ಗಾಯ ಯಾವ ಲೆಕ್ಕ? ಎಣ್ಣೆ ಹಚ್ಚಬಾರದು ಎಂದು ನರ್ಸಮ್ಮ ಹೇಳಿದ್ದು ಅಂಗಡಿ ಎಣ್ಣೆಯ ಮಾತು ಎಂದುಕೊಂಡಳು, ಪಾಪ. ಕುಬಸಕ್ಕೆ ಹಳದಿ ಹತ್ತಿದ್ದು ಕಂಡು ದೀಪಾಲಿ ಕೇಳಿದಳು. "ಅಡಿಗಿ ಮಾಡುಮುಂದ ಹತ್ತಿರಬೇಕು," ಎಂದು ಶಿವಗಂಗವ್ವ ಮುಖ ತಿರುವಿದಳು. ಸೊಸೆಗೆ ಅವಳು ಹೇಳಿದ ಸುಳ್ಳು ಅದೊಂದೇ.

ಗಾಯ ಕೆಂಪೇರಿ ಊದಿತು, ಕೀವು ಸೋರಿತು, ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, "ಇದಕ್ಕೆ ಏನು ಹಚ್ಚಿದ್ದಿರಿ?" ಎಂದರು. ಅವಳು ಸೆರಗು ಎಳೆದುಕೊಂಡಳು. ಮಂಚದ ಬದಿಗೆ ನಿಂತ ದೀಪಾಲಿ ಮೆಲ್ಲಗೆ, "ಅರಿಶಿಣ," ಎಂದಳು. ಆ ಪೆಟ್ಟಿಗೆ ತೆಗೆದು, ಬಹಳ ದಿನ ಸಲೈನು, ಸೂಜಿ ಮಾಡಿ, ಬಲಗಡೆ ಇನ್ನೊಂದು ಇಡಬೇಕಾಯಿತು. ಆ ದಿನಗಳಲ್ಲೇ ಮೊಮ್ಮಗ ಹುಟ್ಟಿದ.

ಮನೆಗೆ ಬಂದಾಗ ಬಚ್ಚಲಲ್ಲಿ ಅವಳ ಮಣೆಯ ಮೇಲೆ ಸಕ್ಕುಬಾಯಿ ಎಂಬವಳು ಕೂತಿದ್ದಳು. ಕೂಸಿಗೆ ಎರೆಯಲು ಗೊತ್ತು ಮಾಡಿದ ಹೆಂಗಸು. ಕೂಸು ಚೀರುತ್ತಿತ್ತು. ನೀರು ಸುಡುತ್ತಿರಬೇಕು ಎಂದು ಶಿವಗಂಗವ್ವ ಬಾಗಿಲಿಗೆ ಬಂದಳು. ಒಳಗೆ ದೀಪಾಲಿ ಸಕ್ಕುಬಾಯಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು: ಹೊಕ್ಕುಳಕ್ಕೆ ಏನೂ ಹಚ್ಚಬೇಡಿ, ಯಾರು ಹೇಳಿದರೂ ಹಚ್ಚಬೇಡಿ. ಅಷ್ಟು ಮರಾಠಿ ಮುದುಕಿಗೆ ಬರುತ್ತಿತ್ತು. ಯಾರು ಎಂದರೆ ಯಾರೆಂಬುದೂ ಗೊತ್ತಿತ್ತು. ಮೆಲ್ಲಗೆ ಹಿಂದಕ್ಕೆ ಸರಿದು ಬಂದು ಮಂಚದ ಮೇಲೆ ಕೂತಳು.

"ಅಕೀದು ತಪ್ಪೇನದ?" ಎಂದ ಅಲ್ಲೇ ಕೂತು ಸೊಸೆಯ ಮಾತು ಕೇಳಿಸಿಕೊಂಡಿದ್ದ ನಿಜಲಿಂಗಪ್ಪ.

"ತಪ್ಪಂತ ನಾ ಎಲ್ಲಿ ಅಂದೆ?" ಎಂದಳು ಶಿವಗಂಗವ್ವ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಬಂಧವೇನೂ ಕೆಡಲಿಲ್ಲ. ದೀಪಾಲಿ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಿದ್ದಳು, ಮೈ ಒರೆಸುತ್ತಿದ್ದಳು. ಕೂಸನ್ನು ಮಾತ್ರ ದೂರದಿಂದ ತೋರಿಸುವಳು. ಅತ್ತೆಯೂ ಕೈ ಚಾಚಲಿಲ್ಲ. ಸೊಸಾಯಟಿಯ ಹೆಂಗಸರು ಕರೆಯುವುದು ತಾನಾಗಿಯೇ ನಿಂತುಹೋಯಿತು.

ಕಡೆಗೆ ಡಾಕ್ಟರು ಗಾಯ ಪೂರಾ ಮಾಯಿತು, ತಲೆಮೇಲೆ ನೀರು ಹಾಕಿಕೊಳ್ಳಬಹುದು, ಕೂಸನ್ನೂ ಎತ್ತಬಹುದು ಎಂದರು. ಆಗ ಕೂಸು ಮಗ್ಗಲು ಮಗುಚುತ್ತಿತ್ತು. ಮಾರನೆಯ ದಿನ ದೀಪಾಲಿ ತಾನೇ ಮಣೆ ಹಾಕಿ, ನೀರು ಹದ ಮಾಡಿ, "ಬರ್ರಿ ಅತ್ತಿ, ಇವತ್ತ ನೀವು ಎರೀರಿ," ಎಂದಳು.

ಶಿವಗಂಗವ್ವ ಲಗುಲಗು ಬಚ್ಚಲಿಗೆ ಬಂದಳು. ಸೀರೆ ಏರಿಸಿ ಕಾಲು ಚಾಚಿ ಕೂತಳು. ದೀಪಾಲಿ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದಳು. "ಬಾರಲೇ ಭಾಡ್ಯಾ..." ಎಂದು ಒಂದು ತಂಬಿಗೆ ನೀರು ಬಿಟ್ಟಳೋ ಇಲ್ಲವೋ, ಕೂಸು ಕಿಟಾರನೆ ಕಿರುಚಿತು. ಸೆಟೆದು, ಮುಖ ಕೆಂಪಗೆ ಮಾಡಿಕೊಂಡು, ತಾಯಿಯ ಕಡೆ ಕೈ ಬೀಸಿ ಬೀಸಿ ಅತ್ತಿತು. ಬೈದಳು, ರಮಿಸಿದಳು, ಬೆನ್ನು ಸವರಿದಳು. ಊಹೂಂ. ಊರ ಕೂಸುಗಳೆಲ್ಲ ಗಪ್ಪಾದ ಕಾಲ ಮೇಲೆ ಅವಳ ಸ್ವಂತ ಮೊಮ್ಮಗ ಗುರುತಿಲ್ಲದವರ ಕೈಗೆ ಸಿಕ್ಕಂತೆ ಅಳುತ್ತಿದ್ದ.

"ತೊಗೋಳವ್ವ. ಅದಕ್ಕ ನನ್ನ ಕೈ ಗುರುತಿಲ್ಲ," ಎಂದಳು.

ದೀಪಾಲಿ ಕೂಸನ್ನು ಒರೆಸಿ, ಸುತ್ತಿ, ನಿಜಲಿಂಗಪ್ಪನ ಕೈಗೆ ಕೊಟ್ಟು ತಿರುಗಿ ಬಂದಳು. ಮುದುಕಿ ಇನ್ನೂ ಹಾಗೇ ಕಾಲು ಚಾಚಿ ಕೂತಿದ್ದಳು, ಖಾಲಿ ಕಾಲು. ದೀಪಾಲಿ ಹಿಂದೆ ಕೂತು ಅವಳ ತುರುಬು ಬಿಚ್ಚಿದಳು. ಕೂಸಿಗೆಂದು ಕಾಸಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಅತ್ತೆಯ ತಲೆಯ ಮೇಲೆ ಸುರಿದಳು. ಎಷ್ಟೋ ತಿಂಗಳ ಮೇಲೆ ಬಿದ್ದ ತಲೆಸ್ನಾನದ ನೀರು.

ಶಿವಗಂಗವ್ವನ ಬೆನ್ನು ಬಿಕ್ಕಿ ಬಿಕ್ಕಿ ಅಲುಗುತ್ತಿತ್ತು.

"ಅಳಬ್ಯಾಡ್ರಿ ಅತ್ತಿ," ಎಂದಳು ದೀಪಾಲಿ, ಇನ್ನೊಂದು ತಂಬಿಗೆ ಮೊಗೆಯುತ್ತ. ಅವಳ ದನಿಯೂ ಒಡೆದಿತ್ತು. ಬಕೆಟ್ಟು ಬರಿದಾಗುವವರೆಗೆ ಅವಳು ಎರೆದಳು.