ಹನ್ನೆರಡನೆಯ ತಟ್ಟೆಯ ಸರದಿ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಕಿಟಕಿಗೆ ಇನ್ನೂ ಸರಿಯಾಗಿ ಬೆಳಕು ಹತ್ತಿಲ್ಲ, ಎಲ್ಲರೂ 'ತಟ್ಟೆ ಅಕ್ಕ' ಎಂದು ಕರೆಯುವ ಲ್ಯಾಬ್ ಸಹಾಯಕಿ ಆಗಲೇ ಮೂರು ಸಲ ಗಡಿಯಾರ ನೋಡಿಯಾಗಿದೆ. ಬೆಚ್ಚನೆಯ ಪೆಟ್ಟಿಗೆಯಿಂದ ಅಂಗೈಯಗಲದ ತಟ್ಟೆ ತೆಗೆದು, ಅದರ ಕೆಂಪು ದ್ರವದಿಂದ ಒಂದು ಹನಿ ಹೀರಿ, ಪುಸ್ತಕದಲ್ಲಿ ಗೀಚಿ, ಮುಂದಿನದಕ್ಕೆ ಕೈಹಾಕುತ್ತಾರೆ. ತಟ್ಟೆಯ ತಳದಲ್ಲಿ ರಕ್ತನಾಳದ ಒಳಗೋಡೆಯ ಜೀವಕೋಶಗಳಿವೆ. ಅವು ಎಷ್ಟು ಸಕ್ಕರೆ ತಿಂದವು, ಎಷ್ಟು ಆಮ್ಲ ಬಿಟ್ಟವು ಎಂಬುದನ್ನು ಆ ಹನಿ ಹೇಳುತ್ತದೆ.

"ಕೈ ನಡುಗ್ಬಾರ್ದು ಅಂತ ಇವತ್ತು ಟೀನೂ ಕುಡಿದಿಲ್ಲ" ಎನ್ನುತ್ತಾರೆ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಐದಕ್ಕೆ ಹನ್ನೆರಡು ತಟ್ಟೆಯ ಕೋಶಗಳಿಗೂ ಒಟ್ಟಿಗೇ ಹೊಸ ಆಹಾರ, ಆರಕ್ಕೆ ಒಂದೊಂದರಿಂದ ಹನಿ. "ನಮ್ಮ ತಿಂಡಿಗಿಂತ ಅವುಗಳದ್ದೇ ಮೊದಲು" ಎಂದು ಮನೆಯಲ್ಲಿ ಅತ್ತೆ ಗೊಣಗುವುದುಂಟು. ಈ ಎರಡು ವರ್ಷದಲ್ಲೇ ಆರು ಸಾವಿರ ಹನಿ ದಾಟಿದೆ. ಕೋಶದ ಹಸಿವನ್ನು ಸಮೀಕರಣದಲ್ಲಿ ಹಿಡಿದು, ರಕ್ತದ ಹರಿವು ತಗ್ಗಿದರೆ ಕೋಶ ಎಷ್ಟು ಹೊತ್ತು ತಾಳೀತು ಎಂದು ಹೇಳುವುದು ಮೇಲಿನ ಮಹಡಿಯ ಲೆಕ್ಕದ ಮೇಡಂ ಕೆಲಸ.

ಆದರೆ ನಕ್ಷೆಯಲ್ಲಿ ಲೆಕ್ಕದ ಗೆರೆಗೂ ಅಕ್ಕನ ಅಂಕಿಗಳ ಚುಕ್ಕೆಗಳಿಗೂ ತಾಳೆಯೇ ಇಲ್ಲ; ಎತ್ತು ಏರಿಗೆ, ಕೋಣ ನೀರಿಗೆ. ಹೋದ ವಾರ ಮೇಡಂ ವರದಿಯಲ್ಲಿ 'ಲ್ಯಾಬ್ ತಪ್ಪು' ಎಂದು ಬರೆದರು; ಎರಡು ವರ್ಷದ ಅಂಕಿಗಳನ್ನೆಲ್ಲ ಎಸೆಯುವ ಮಾತಾಯಿತು. ಅಂದಿನಿಂದ ಅಕ್ಕನಿಗೆ ಕೂತರೆ ನಿಂತರೆ ಸಮಾಧಾನವಿಲ್ಲ. "ಅಷ್ಟೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ."

ಇಂದು ತಪ್ಪು ಎಲ್ಲಿದೆ ಎಂದು ನೋಡಲು ಮೇಡಂ ಖುದ್ದು ಬಂದು, ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದಾರೆ. ಇಷ್ಟು ವರ್ಷದಲ್ಲಿ ಅವರು ಈ ಕೋಣೆಗೆ ಕಾಲಿಟ್ಟಿದ್ದು ಇದೇ ಮೊದಲು. ಏಳನೆಯ ತಟ್ಟೆಗೆ ಅವರ ತಾಳ್ಮೆ ತಪ್ಪುತ್ತದೆ.

"ಇನ್ನೂ ಆಗಲಿಲ್ವಾ ಅಕ್ಕಾ?"

"ಒಂದೊಂದಕ್ಕೂ ಮೂರೂವರೆ ನಿಮಿಷ ಬೇಕಲ್ಲ ಮೇಡಂ. ಹನ್ನೆರಡನೇದರ ಸರದಿ ಬರೋಷ್ಟರಲ್ಲಿ ಆರೂ ಮೂವತ್ತೆಂಟು."

ಮೇಡಂ ಮುಖ ಬಿಳುಚುತ್ತದೆ. "ಕಂಪ್ಯೂಟರ್‌ನಲ್ಲಿ ಎಲ್ಲದಕ್ಕೂ ಆರು ಗಂಟೆ ಅಂತಿದೆ!"

"ನೀವು ಕೊಟ್ಟ ಪಟ್ಟೀಲಿ ಹನ್ನೆರಡಕ್ಕೂ ಸೇರಿ ವೇಳೆಗೆ ಇರೋದು ಒಂದೇ ಖಾನೆ. ನಿಮಿಷ ಎಲ್ಲಾ ಈ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ."

ಕೊನೆಯ ತಟ್ಟೆಯ ಕೋಶಗಳು ಮೂವತ್ತೆಂಟು ನಿಮಿಷ ಹೆಚ್ಚಿಗೆ ತಿಂದಿರುತ್ತವೆ. ಗಣಿತಕ್ಕೆ ಅದು ಗೊತ್ತೇ ಇರಲಿಲ್ಲ. ಕೊನೆಯ ಹನಿ ಬರೆದಾದ ಮೇಲೆ ಮೇಡಂ ಪುಸ್ತಕ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಅಕ್ಕ ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತಾರೆ, ಬಾಗಿಲಿಗೂ ಕಿಟಕಿಗೂ ಶತಪಥ ಹಾಕುತ್ತಾರೆ.

ಮಧ್ಯಾಹ್ನ ಮೇಡಂ ಇಳಿದು ಬರುತ್ತಾರೆ. ಒಂದು ತಿಂಗಳ ಲೆಕ್ಕ ಮತ್ತೆ ಹಾಕಿದ್ದಾರೆ, ಚುಕ್ಕೆಗಳು ಗೆರೆಯ ಮೇಲೆ ಕೂತಿವೆ. "ಒಂದು ಹನೀನೂ ಎಸೆಯಲ್ಲ ಅಕ್ಕಾ. ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ."

ಅಕ್ಕ ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿ ಎಳೆದು ಕೂರುತ್ತಾರೆ.

"ಹೆಸರು ಹಾಕಿದ್ರೆ ಹಾಕಿ, ಬಿಟ್ರೆ ಬಿಡಿ ಮೇಡಂ. ಇನ್ಮೇಲೆ ನನ್ನ ತಪ್ಪು ಅಂತ ಬರೆಯೋಕೆ ಮುಂಚೆ ಒಂದ್ಸಲ ಬಂದು ಪಕ್ಕದಲ್ಲಿ ನಿಂತ್ಕೊಳ್ಳಿ. ಅಷ್ಟು ಸಾಕು."