ನಾದಿನಿಗೆ ಕಾಣದ ಹಲ್ಲಿನ ಗುರುತು

ನನ್ನ ನಾದಿನಿಯನ್ನು ನಾವು ಕೆಲಸ ಮಾಡುವ ಶಾಲೆಯಲ್ಲಿ ಎಲ್ಲರೂ ಸೂಜಿ ಅಂತಲೇ ಕರೆಯುವುದು. ಆ ಹೆಸರಿಟ್ಟವಳು ನಾನು. ನಾನು ಮದುವೆಯಾಗಿ ಬಂದಾಗ ಅವಳಿಗೆ ಒಂಬತ್ತು ವರ್ಷ. ಮೈ ಕಡ್ಡಿ, ಮಾತು ಚುಚ್ಚು. ನಮ್ಮವರಿಗೆ ಅವಳೊಬ್ಬಳೇ ತಂಗಿ. ಸಂಜೆ ಕೆಲಸದಿಂದ ಬಂದವರು ಮೊದಲು ಅವಳನ್ನು ಕೂಗುತ್ತಿದ್ದರು, ಆಮೇಲೆ ನೀರು ಕೊಡು ಅಂತ ನನ್ನನ್ನು. ಅವಳು ಏಳನೇ ಕ್ಲಾಸು ಪಾಸಾದಳು. ಅವಳು ಪುಸ್ತಕ ಹಿಡಿದಾಗೆಲ್ಲ ಅವಳ ಪಾಲಿನ ಪಾತ್ರೆ ಉಜ್ಜಿದ್ದು ನಾನು. ಆ ಪಾಸಿನಲ್ಲಿ ಅರ್ಧ ನನ್ನದು ಅಂತ ಇವತ್ತಿಗೂ ಹೇಳುತ್ತೇನೆ, ಯಾರೂ ಕೇಳದಿದ್ದರೂ.

ಮದುವೆ ಮಾಡಿ ಕಳಿಸಿದ ನಾಲ್ಕು ವರ್ಷಕ್ಕೆ ಒಂದು ಪೆಟ್ಟಿಗೆ ಹಿಡಿದು ವಾಪಸ್ ಬಂದಳು. ಯಾಕೆ ಅಂತ ನಮ್ಮವರು ಕೇಳಲಿಲ್ಲ. ನಾನು ಕೇಳಿದೆ, ಅವಳು ಹೇಳಲಿಲ್ಲ. ಆಗಲೇ ನಾನು ಶಾಲೆಯ ಅಡುಗೆಮನೆಯಲ್ಲಿ ಒಲೆಗೆ ನಿಂತಿದ್ದೆ. ದೊಡ್ಡ ಮೇಡಂ ಕಾಲು ಹಿಡಿದು ಅವಳಿಗೆ ತರಕಾರಿ ಹೆಚ್ಚುವ ಕೆಲಸ ಕೊಡಿಸಿದವಳೂ ನಾನೇ. ಈರುಳ್ಳಿಯನ್ನು ಬುಡದಿಂದ ಹಿಡಿದು ಹೇಗೆ ಹೆಚ್ಚಬೇಕು, ನೂರಾರು ಮಕ್ಕಳ ಅನ್ನ ತಳ ಹಿಡಿಯದ ಹಾಗೆ ಹೇಗೆ ಇಳಿಸಬೇಕು, ಎಲ್ಲ ಕಲಿಸಿದೆ. ನಮ್ಮವರು ತೀರಿಕೊಂಡು ಹನ್ನೊಂದು ವರ್ಷ. ಆಮೇಲೆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ.

ಶಾಲೆಯಲ್ಲಿ ನನ್ನ ಕರಿದ ಆಲೂಗಡ್ಡೆಗೆ ಹೆಸರಿತ್ತು. ಬಾಣಲೆಯ ಸದ್ದು ಕೇಳಿದರೆ ಮಕ್ಕಳು ಗಂಟೆ ಹೊಡೆಯುವ ಮೊದಲೇ ಸಾಲು ನಿಲ್ಲುತ್ತಿದ್ದವು. ದೊಡ್ಡವರಾಗಿ ಕೆಲಸಕ್ಕೆ ಸೇರಿದವರೂ ಬೀದಿಯಲ್ಲಿ ಸಿಕ್ಕರೆ ಅದನ್ನೇ ಕೇಳುತ್ತಿದ್ದರು.

ಹೋದ ವರ್ಷ ಸರ್ಕಾರ ಶಾಲೆಯೂಟಕ್ಕೆ ಇನ್ನೂ ಹಣ ಕೊಡುತ್ತೇನೆ ಅಂದಿತು, ಆದರೆ ಕರಿದದ್ದು ಕೂಡದು. ದಿನಾ ಎರಡು ತರಕಾರಿ, ಒಂದು ಕಾಳು, ಒಂದು ಹಣ್ಣು. ಒಲೆಗೆ ನಿಲ್ಲುವವರು ತರಬೇತಿ ಮಾಡಿರಬೇಕು, ಅವರು ಕೊಟ್ಟ ಹಾಳೆ ಓದಿ ಅದರಂತೆ ಬೇಯಿಸಬೇಕು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಹಾಳೆ ಓದುವಷ್ಟು ಬರುವುದಿಲ್ಲ. ಸೂಜಿ ಹದಿನೈದು ದಿನ ತರಬೇತಿಗೆ ಹೋಗಿ ಬಂದಳು. ಬರುವಾಗ ಬಿಳಿ ಕೋಟು, ಕೋಟಿನ ಜೇಬಲ್ಲಿ ಪೆನ್ನು. ಅವಳನ್ನು ಒಲೆಗೆ ನಿಲ್ಲಿಸಿ ನನ್ನನ್ನು ತಟ್ಟೆ ತೊಳೆಯುವ ನಲ್ಲಿಕಟ್ಟೆಗೆ ಹಾಕಿದರು. ಅತ್ತಿಗೆಗೆ ಇನ್ನು ಆರಾಮ ಅಂತ ಅವಳು ನಾಲ್ಕು ಜನರೆದುರು ಅಂದಳು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆವತ್ತು.

ಹಣಕ್ಕೆ ಇನ್ನೊಂದು ಷರತ್ತಿತ್ತು. ತಟ್ಟೆಯಲ್ಲಿ ಉಳಿದು ಬಂದದ್ದನ್ನು ಕ್ಲಾಸಿನ ಪ್ರಕಾರ ಬೇರೆ ಬೇರೆ ಬಕೆಟ್ಟಿಗೆ ಸುರಿದು ದಿನಾ ತೂಗಬೇಕು. ತೀರಾ ಹೆಚ್ಚು ವಾಪಸ್ ಬಂದರೆ ಪರೀಕ್ಷೆಯ ರಜೆಯ ಹೊತ್ತಿಗೆ ಹಣ ನಿಲ್ಲಿಸಿ ಹಳೇ ಪದ್ಧತಿಗೆ ಬಿಡುತ್ತಾರಂತೆ. ಹಳೇ ಪದ್ಧತಿ ಅಂದರೆ ಬಾಣಲೆ. ಬಾಣಲೆ ಅಂದರೆ ನಾನು. ತೂಗುವ ಕೆಲಸ ನಲ್ಲಿಕಟ್ಟೆಯವಳದು, ಅದೂ ನಾನೇ.

ನಾನು ಒಂದು ದಿನವೂ ಸುಳ್ಳು ತೂಗಲಿಲ್ಲ. ಬಕೆಟ್ಟು ಬಗ್ಗಿಸಿ ನೀರು ಬಸಿದು, ಖಾಲಿ ಬಕೆಟ್ಟಿನ ತೂಕ ಕಳೆದು, ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದೆ. ದೊಡ್ಡ ಕ್ಲಾಸಿನವರದು ಮೂರು ಕಿಲೋ ದಾಟುತ್ತಿರಲಿಲ್ಲ. ಒಂದನೇ ಎರಡನೇ ಕ್ಲಾಸಿನವರದು ಮಾತ್ರ ಹನ್ನೊಂದು, ಹನ್ನೆರಡು. ಅದರಲ್ಲಿ ಮುಕ್ಕಾಲು ಇಡೀ ಸೇಬು ಮತ್ತು ಹಸಿ ಕ್ಯಾರೆಟ್ ತುಂಡು. ಅಂಕಿ ಬರೆದಾಗೆಲ್ಲ ಹಾಲು ಕುಡಿದಷ್ಟು ಸಂತೋಷ ಆಗುತ್ತಿತ್ತು ನನಗೆ.

ಯಾಕೆ ವಾಪಸ್ ಬರುತ್ತಿದೆ ಅಂತಲೂ ಗೊತ್ತಾಗಿತ್ತು. ತೊಳೆಯುವವಳಿಗೆ ಎಲ್ಲ ಕಾಣುತ್ತದೆ. ಕಂಡರೂ ಬಾಯಿ ಬಿಡಲಿಲ್ಲ.

ರಜೆಗೆ ಎರಡು ವಾರ ಇರುವಾಗ, ಊಟ ಮುಗಿದ ಮಧ್ಯಾಹ್ನ, ಸೂಜಿ ನಲ್ಲಿಕಟ್ಟೆಗೆ ಬಂದಳು. ಬಕೆಟ್ಟು ನೋಡಿದಳು, ನನ್ನ ಪುಸ್ತಕ ನೋಡಿದಳು.

"ಅತ್ತಿಗೆ, ಚಿಕ್ಕವರದ್ದು ಎರಡು ಮೂರು ಕಿಲೋ ಕಡಿಮೆ ಬರೀರಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

"ನಾನು ಬೀಳೋದನ್ನೇ ಕಾಯ್ತಾ ಕೂತಿದ್ದೀರಿ ನೀವು."

ಬಿದ್ದರೆ ಹಾಳೆಯನ್ನು ಕೇಳು, ಓದೋದು ನೀನು ತಾನೇ ಅಂದೆ. ಹಾಳೆಯಲ್ಲಿ ಇದ್ದಂತೆ ಚಾಚೂ ತಪ್ಪದೆ ಮಾಡುತ್ತಿದ್ದೇನೆ, ಒಬ್ಬರಿಗೆ ಒಂದು ಇಡೀ ಹಣ್ಣು ಅಂತಲೇ ಅದರಲ್ಲಿದೆ ಅಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

"ನಿಮ್ಮ ಎಣ್ಣೆ ತಿಂದು ತಿಂದು ಆ ಮಕ್ಕಳ ನಾಲಿಗೆ ಕೆಟ್ಟಿದೆ ಅತ್ತಿಗೆ. ಅದಕ್ಕೇ ತಿಂತಿಲ್ಲ" ಅಂದಳು.

ಬಕೆಟ್ಟಿಗೆ ಕೈ ಹಾಕಿ ಒಂದು ಸೇಬು ತೆಗೆದು ಅವಳ ಮೂಗಿನ ಹತ್ತಿರ ಹಿಡಿದೆ.

"ನಾಲಿಗೆ ಅಲ್ಲ ಕಣೇ, ಹಲ್ಲು. ಇಲ್ಲಿ ನೋಡು, ಸಿಪ್ಪೆ ಮೇಲೆ ಗೀರು. ಪಕ್ಕದ ಹಲ್ಲಲ್ಲಿ ಕಚ್ಚೋಕೆ ನೋಡಿ ಬಿಟ್ಟಿದೆ ಮಗು. ಆರು ಏಳು ವರ್ಷದವು, ಮುಂದಿನ ಹಲ್ಲು ಬಿದ್ದಿರೋ ಬಾಯಿ. ಇಡೀ ಸೇಬು ಹೇಗೆ ಕಚ್ತಾವೆ? ಹದಿನೈದು ದಿನದ ತರಬೇತಿಯಲ್ಲಿ ಒಂದು ಮಗುವಿನ ಬಾಯಿ ತೆಗೆಸಿ ನೋಡಲಿಲ್ವಾ ನೀವು?"

ಅವಳು ಆ ಸೇಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಕೆಟ್ಟಿನಿಂದ ಇನ್ನೊಂದು ತೆಗೆದಳು, ಮತ್ತೊಂದು. ಎಲ್ಲದರ ಮೇಲೂ ಅದೇ ಗೀರು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

ನನಗೆ ಹೆಚ್ಚು ಕಡಿಮೆ ಹೇಳಿ ಅಭ್ಯಾಸವಿಲ್ಲ. "ಇಪ್ಪತ್ತಾರು ದಿನ" ಅಂದೆ.

ಅವಳು ಆ ಸೇಬುಗಳನ್ನು ಹಿಡಿದುಕೊಂಡೇ ಒಳಗೆ ಹೋದಳು. ಅವಳಿಗಿಂತ ನನಗೆ ಹೆಚ್ಚು ಗೊತ್ತು ಅಂತ ತೋರಿಸಿದ ಖುಷಿ ಎರಡು ತಟ್ಟೆ ತೊಳೆಯುವಷ್ಟು ಹೊತ್ತು ಇತ್ತು. ಮೂರನೇ ತಟ್ಟೆಗೆ ತಲೆಗೆ ಹೊಳೆಯಿತು, ನನ್ನ ಬಾಣಲೆಯನ್ನು ನನ್ನ ಬಾಯಿಂದಲೇ ಕಳೆದುಕೊಂಡೆ.

ಮಾರನೇ ದಿನದಿಂದ ಚಿಕ್ಕವರಿಗೆ ಸೇಬು ತೆಳ್ಳಗೆ ಹೆಚ್ಚಿ, ಕ್ಯಾರೆಟ್ ತುರಿದು ಬಡಿಸಿದಳು. ಹನ್ನೊಂದಿದ್ದದ್ದು ಐದಕ್ಕೆ ಬಂತು, ಆ ವಾರದ ಕೊನೆಗೆ ಎರಡಕ್ಕೆ. ಅಂಕಿ ಬರೆಯುವಾಗ ಕೈ ಭಾರವಾಗುತ್ತಿತ್ತು. ಆದರೂ ಎರಡನ್ನು ಎರಡು ಅಂತಲೇ ಬರೆದೆ.

ಹಣ ನಿಲ್ಲಲಿಲ್ಲ. ಆಫೀಸಿನಿಂದ ಬಂದ ಹೆಂಗಸು ಸೂಜಿಯ ಬೆನ್ನು ತಟ್ಟಿ, ಹೇಗೆ ಹೊಳೆಯಿತು ನಿಮಗೆ ಅಂತ ಕೇಳಿದಳು. ನಮ್ಮ ಅತ್ತಿಗೆ ಹೇಳಿದ್ದು ಅಂತ ಸೂಜಿ ನನ್ನ ಕಡೆ ಕೈ ತೋರಿಸಿದಳು. ಆ ಹೆಂಗಸು ಒಳ್ಳೇದು ಅಜ್ಜಿ ಅಂತ ನಕ್ಕು, ಮತ್ತೆ ಸೂಜಿಯ ಕಡೆಗೇ ತಿರುಗಿ ಮಾತಾಡಿದಳು. ಇಪ್ಪತ್ತಾರು ದಿನದ ಮಾತನ್ನು ಸೂಜಿ ಅಲ್ಲಿ ಎತ್ತಲಿಲ್ಲ. ಮನೆಯಲ್ಲೂ ಎತ್ತಲಿಲ್ಲ. ಎತ್ತಿದ್ದರೆ ಒಂದು ಜಗಳವಾಡಿ ಮುಗಿಸುತ್ತಿದ್ದೆ.

ಈಗ ಅವಳನ್ನು ಮಂಗಳವಾರ ಬೇರೆ ಶಾಲೆಗಳಿಗೆ ಕಲಿಸಲು ಕಳಿಸುತ್ತಾರೆ. ಆವತ್ತು ಒಲೆಗೆ ಅತ್ತಿಗೆ ನಿಲ್ಲಲಿ, ಹೊಣೆ ನನ್ನದು ಅಂತ ದೊಡ್ಡ ಮೇಡಂ ಹತ್ತಿರ ಅವಳೇ ಒಪ್ಪಿಸಿದ್ದಾಳೆ. ಬಸ್ಸಿಗೆ ಹೊರಡುವ ಮೊದಲು ಹಾಳೆಯನ್ನು ಮೂರು ಸಲ ಓದಿ ಹೇಳುತ್ತಾಳೆ, ನಾನು ಒಂದೇ ಸಲಕ್ಕೆ ನೆನಪಿಟ್ಟುಕೊಂಡು ಉಳಿದೆರಡು ಸಲ ಮುಖ ಗಂಟಿಕ್ಕಿಕೊಂಡು ಕೇಳುತ್ತೇನೆ.

ಮೊದಲ ಮಂಗಳವಾರ ಸೌಟು ಹಿಡಿದು ನಿಂತೆ. ಸಾಲಿನ ಮೊದಲಲ್ಲಿದ್ದ ಬೋಡು ಬಾಯಿಯ ಹುಡುಗಿ ತಟ್ಟೆ ಚಾಚಿ, ನನ್ನ ಹಿಂದೆ ಇಣುಕಿ, ಸೂಜಿ ಆಂಟಿ ಎಲ್ಲಿ ಅಂತ ಕೇಳಿತು.

"ನಾಳೆ ಬರ್ತಾಳೆ" ಅಂದೆ. "ಈಗ ತಿನ್ನು."