ಸ್ಥಾಪಕಿಯರು ಅಡುಗೆಮನೆಯಲ್ಲಿದ್ದರು

ಮೊನ್ನೆ ಬೆಳಿಗ್ಗೆ ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯಲ್ಲಿ ಮರಾಠಿ ಮೊಗ್ಗನ್ನು ಮೂಗಿಗೆ ಹಿಡಿದು ನಿಂತಿದ್ದೆ. ಈ ಸಲ ಎಷ್ಟು ಜನಕ್ಕೆ ಬಿಸಿಬೇಳೆಬಾತು ಎಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ. ನಮ್ಮ ಗೆಳತಿಯರ ಕೂಟದ ವಾರ್ಷಿಕೋತ್ಸವ ಬಂತೆಂದರೆ ಮೊಗ್ಗು ಕೊಳ್ಳುವವಳು ನಾನೇ ಎಂದು ಅವನಿಗೆ ಗೊತ್ತು. ಆದರೆ ಈ ವರ್ಷ ಕೂಟವನ್ನು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಟ್ಟಿದ್ದೆವು. ಅಡುಗೆ ಮಾಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಸಂಜೆ ಆರಕ್ಕೆ ಬಾ ಎಂದಷ್ಟೇ ಮಗಳ ಮೆಸೇಜು. ಇವರ ಕೈಯಲ್ಲಿ ಕೂಟ ಉಳಿದೀತೇ ಎಂದು ನನಗೆ ಭಯ.

ಅಂಥ ಮಹಾ ಕೂಟ ಯಾವುದಮ್ಮಾ ಎನ್ನುತ್ತೀರಾ? ಮೂರು ಜನ ಕಟ್ಟಿದ್ದು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹುಬ್ಬಳ್ಳಿಯ ಡಾಕ್ಟರ್ ನಫೀಸಾ, ಕ್ಲಾಂಗ್ ಬಂದರಿನ ಹಡಗು ಕಂಪನಿಯಲ್ಲಿದ್ದ ಮಂಗಳೂರಿನ ಫಿಲೊಮಿನಾ, ಮತ್ತು ಎಲ್ಲೂ ಕೆಲಸವಿಲ್ಲದೆ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ನಾನು. ಊರು ಬಿಟ್ಟು ಈ ಪರದೇಶಕ್ಕೆ ಬಂದ ಹೆಣ್ಣುಮಗಳು ಕಾಯಿಲೆಯಲ್ಲಿ, ಹೆರಿಗೆಯಲ್ಲಿ ಒಬ್ಬಳೇ ಇರಬಾರದು. ಅಷ್ಟೇ ನಮ್ಮ ಉದ್ದೇಶ.

ಇದನ್ನು ತಲೆಗೆ ಹಾಕಿದವಳು ಲೊರೇನ್, ನಫೀಸಾಳ ಕಾಲೇಜಿಗೆ ಅಮೆರಿಕದಿಂದ ಬಂದಿದ್ದ ಕಪ್ಪು ಮಹಿಳೆ. ನಕ್ಕರೆ ಪಕ್ಕದ ಮನೆಗೂ ಕೇಳಿಸುವ ಜೀವ. ಅವಳ ಮನೆಯ ಗೋಡೆಯ ಮೇಲೆ ಉದ್ದ ಲಂಗ ತೊಟ್ಟ ಕೆಲವು ಹುಡುಗಿಯರ ಹಳೆಯ ಫೋಟೊ ಇತ್ತು. ನಿಮ್ಮ ಅಜ್ಜಿಯರೇ ಎಂದು ಕೇಳಿದೆ. ರಕ್ತಸಂಬಂಧವಿಲ್ಲ, ಆದರೂ ಹೌದು ಎಂದಳು. ನೂರು ವರ್ಷಕ್ಕೂ ಹಿಂದೆ ಕಾಲೇಜು ಮೆಟ್ಟಿಲು ಹತ್ತಿದ ಕಪ್ಪು ಹುಡುಗಿಯರಂತೆ. ಅವರ ಹಿರಿಯರಲ್ಲಿ ಎಷ್ಟೋ ಜನ ಗುಲಾಮರಾಗಿ ಹುಟ್ಟಿದವರು. ಬಿಳಿಯರ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ; ಈ ಹುಡುಗಿಯರು ತಾವೇ ಸೋದರಿಯರ ಸಂಘ ಕಟ್ಟಿದರು. ಓದು ಮುಗಿದರೂ ಆ ಸೋದರಿತನ ಮುಗಿಯುವುದಿಲ್ಲವಂತೆ, ಸಾಯುವ ತನಕ. ಲೊರೇನ್ ಒಬ್ಬೊಬ್ಬರ ಹೆಸರನ್ನೂ ನಾವು ಮನೆದೇವರ ಹೆಸರು ಹೇಳುವ ಭಕ್ತಿಯಲ್ಲಿ ಹೇಳಿದಳು. ನಾವೂ ಕಟ್ಟೋಣ ಎಂದು ನಮಗೆ ಹುರುಪು ಬಂತು.

ಕಟ್ಟಿದೆವು, ನಮ್ಮ ಪದ್ಧತಿಯಲ್ಲೇ. ಉದ್ಘಾಟನೆ ಎಂದಮೇಲೆ ವೇದಿಕೆ ಬೇಡವೇ? ವೇದಿಕೆಗೆ ಗಣ್ಯರು ಬೇಡವೇ? ನಮ್ಮ ಮೂವರ ಗಂಡಂದಿರೂ ಅವರ ಸ್ನೇಹಿತರೂ ಶಾಲು ಹೊದ್ದು ಮೇಲೆ ಕುಳಿತರು. ಹೆಂಗಸರು ಮುಂದೆ ಬರಬೇಕೆಂದು ನಮ್ಮ ಯಜಮಾನರು ಮಾತಾಡಿಯೇ ಮಾತಾಡಿದರು. ನಾವು ಹಿಂದೆ ಅಡುಗೆಮನೆಯಲ್ಲಿ ಬಾತು ತಿರುವುತ್ತಿದ್ದೆವು.

ಲೊರೇನ್ ಒಳಗೆ ಬಂದು, "ಸ್ಥಾಪಕಿಯರು ಎಲ್ಲಿ?" ಎಂದಳು. ಈ ಸಲ ನಗಲಿಲ್ಲ.

ಫಿಲೊಮಿನಾ ಸೌಟು ಕೆಳಗಿಟ್ಟಳು. "ಎಂತ ಅವಸ್ಥೆ ಮಾರಾಯ್ತಿ ನಮ್ಮದು!"

"ನಡೀರಿ ಅಕ್ಕಾರ, ಹೊರಗ ಹೋಗೂಣು. ತಳ ಹತ್ತಿದ್ರ ಹತ್ತಲಿ," ಎಂದಳು ನಫೀಸಾ.

ಬೆವರು ಒರೆಸಿಕೊಳ್ಳುತ್ತಲೇ ವೇದಿಕೆ ಹತ್ತಿದೆವು. ಗಣ್ಯರು ಸೀದ ಬಾತನ್ನು ತೆಪ್ಪಗೆ ತಿಂದರು.

ಆಮೇಲೆ ಎಷ್ಟು ಹೆರಿಗೆ, ಎಷ್ಟು ಗಂಜಿ! ಈಗ ಲೊರೇನ್ ತನ್ನ ಊರು ಸೇರಿದ್ದಾಳೆ. ಫಿಲೊಮಿನಾಳಿಗೆ ಮಂಡಿನೋವು. ನಫೀಸಾ ನಿವೃತ್ತಳಾಗಿ ಹುಬ್ಬಳ್ಳಿಗೆ ಮರಳಬೇಕೆಂದಿದ್ದಳು, ಆದರೆ ಟಿಕೆಟ್ಟನ್ನು ಮುಂದೂಡುತ್ತಲೇ ಇದ್ದಳು. ಕೂಟವನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ನನ್ನ ಮಗಳು ಅನನ್ಯಾಳೋ, ಕನ್ನಡದಲ್ಲಿ ಏನು ಕೇಳಿದರೂ ಈ ನಾಡಿನ ಇಂಗ್ಲಿಷಿನಲ್ಲಿ "ಕ್ಯಾನ್ ಲಾ, ಅಮ್ಮಾ" ಎನ್ನುವವಳು.

ಮೊನ್ನೆ ಸಂಜೆ ಮೂವರೂ ರೇಷ್ಮೆ ಸೀರೆಯುಟ್ಟು ಹೋದರೆ ಸಭಾಂಗಣಕ್ಕೆ ಬೀಗ. ಅನನ್ಯಾಳಿಗೆ ಫೋನು ಮಾಡಿದೆ.

"ಅಯ್ಯೋ ಸಾರಿ ಅಮ್ಮಾ, ಫಂಕ್ಷನ್ ಕ್ಯಾನ್ಸಲ್. ರಾಯಚೂರಿಂದ ಹೊಸದಾಗಿ ಬಂದೋಳಿಗೆ ಲೇಬರ್ ಪೇನ್, ಹಸ್ಬೆಂಡ್ ಇನ್ನೂ ಶಿಪ್‌ನಲ್ಲೇ ಇದಾನೆ. ವಿ ಆರ್ ಆಲ್ ಅಟ್ ದಿ ಹಾಸ್ಪಿಟಲ್."

"ನಾವೂ ಬರ್ತೀವಿ ಕಣೇ!"

"ಬೇಡಮ್ಮಾ. ನಾವಿದೀವಲ್ಲ. ಯು ಗೋ ಮಕಾನ್ ಲಾ, ಊಟ ಮಾಡಿ."

ನಾವಿದೀವಲ್ಲ. ಅಚ್ಚ ಕನ್ನಡದಲ್ಲಿ ಹೇಳಿದಳು. ನಮ್ಮನ್ನು ಕೇಳದೆ ಹೋದರಲ್ಲ ಎಂದು ಒಂದು ಕ್ಷಣ ಉರಿಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೋಯಿತು.

ಮಗಳ ಮಾತನ್ನು ಇಬ್ಬರಿಗೂ ಹೇಳಿದೆ. ನಫೀಸಾ ಕಣ್ಣೊರೆಸಿಕೊಂಡಳು. "ಹಂಗಾರ ಇನ್ನ ನಾ ಊರಿಗೆ ಹೋಗಬಹುದು ಬಿಡ್ರಿ," ಎಂದಳು.

ಎದುರಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಮೂವರೂ ಕುಳಿತು, ಯಾರೋ ಮಾಡಿದ ಅಡುಗೆಯನ್ನು ಹೊಟ್ಟೆ ತುಂಬ ಉಂಡೆವು.